ಬಿಲ್ಲೆಯ ಮೇಲೆ ನಿಲ್ಲದ ವಿಭೂತಿ

ಸ್ವಲ್ಪ ತಾಳಿ. ಕಾಫಿ ಆರಿದರೂ ಪರವಾಗಿಲ್ಲ, ಇದನ್ನು ಕೇಳಿ ಆಮೇಲೆ ಪುಟ ತಿರುಗಿಸಿ. ಒಂದು ಕಾರನ್ನು ಚೆನ್ನಾಗಿ ಒರೆಸಿದ್ದಕ್ಕೆ ಒಬ್ಬ ಅಜ್ಜಿ ಊಟ ಬಿಟ್ಟರು. ಒರೆಸಿದವನು ನಾನು.

ಇಲ್ಲಿ ಕಾಶಿಯ ನಮ್ಮ ಮಠದಲ್ಲಿ ಒಂದು ಕಪ್ಪು ಅಂಬಾಸಿಡರ್ ಇದೆ. (ಅದರ ಕಾರ್ಬುರೇಟರ್ ಬಗ್ಗೆ ಹಿಂದೆ ನಿಮ್ಮನ್ನು ಕೊರೆದಿದ್ದೇನೆ. ಕ್ಷಮಿಸಿ.) ಪೆಟ್ರೋಲ್ ಬೆಲೆ ಏರಿದ ಮೇಲೆ ಅದು ಓಡುವುದಕ್ಕಿಂತ ಅಂಗಳದಲ್ಲಿ ನಿಲ್ಲುವುದೇ ಹೆಚ್ಚು. ಈ ಊರಲ್ಲಿ ಯಾವುದಾದರೂ ಅಲುಗಾಡದೆ ಒಂದು ಕಡೆ ನಿಂತರೆ ಏನಾಗುತ್ತದೆ? ಪೂಜೆ ಆಗುತ್ತದೆ.

ಪೂಜೆ ನೀಲವ್ವಜ್ಜಿಯದು. ಬಿಜಾಪುರದ ಕಡೆಯ ಹಳ್ಳಿಯವರು, ಕೊನೆಗಾಲಕ್ಕೆಂದು ಬಂದು ಮಠದಲ್ಲಿದ್ದಾರೆ. ಮೊದಲೆಲ್ಲ ಸ್ನಾನ ಮುಗಿಸಿ ವಿಶ್ವನಾಥ ಗಲ್ಲಿಯ ಗುಡಿಗೆ ನಡೆದೇ ಹೋಗುತ್ತಿದ್ದರು. ಈಗ ಮೊಣಕಾಲು ಬಿಡುವುದಿಲ್ಲ. ಅಂಗಳದವರೆಗೆ ಬರುತ್ತಾರೆ. ಕಾರಿನ ಮೂತಿಯ ಮೇಲಿನ ಎಂಬ್ಲಮ್ಮಿಗೆ (ಕಂಪನಿಯವರು ಕೂರಿಸಿದ ಹೊಳೆಯುವ ಬಿಲ್ಲೆ) ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದು, ನಡುವೆ ಕುಂಕುಮ ಇಟ್ಟು, ಕೈಮುಗಿಯುತ್ತಾರೆ.

ದಿನಾ. ಹಳೆಯದರ ಮೇಲೆ ಹೊಸದು.

ಬಿಲ್ಲೆಯ ಸುತ್ತ ಅದು ಗಾರೆಯ ಹಾಗೆ ಕೂತಿತ್ತು. ಹೋಗಲಿ, ಅಷ್ಟಕ್ಕೇ ಬಿಟ್ಟರಾ? ಹಬ್ಬ ಬಂತೆಂದು ಅಜ್ಜಿ ಅದನ್ನು ದೇವರ ಹಿತ್ತಾಳೆ ಸಾಮಾನಿನಂತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರು. ಹೊಳೆದದ್ದು ಬಿಲ್ಲೆ. ಗೀರು ಬಿದ್ದದ್ದು ಪೇಂಟಿಗೆ.

ಮಠದ ಉಸ್ತುವಾರಿ ಗುರುಪಾದಯ್ಯನವರದು. ಗೀರು ನೋಡಿದವರೇ, ಇನ್ನು ಕಾರಿನ ಸುತ್ತ ಹಗ್ಗ ಕಟ್ಟಿಸುತ್ತೇನೆ, ಪೂಜೆ ಗೀಜೆ ಬಂದ್ ಅಂದರು. ಅಜ್ಜಿ ವಿಭೂತಿ ತಟ್ಟೆ ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು. ನೋಡಲಾಗದೆ ನಾನು ಬಾಯಿ ಹಾಕಿದೆ. ಪೇಂಟ್ ನನ್ನ ಜವಾಬ್ದಾರಿ, ಪೂಜೆ ನಡೆಯಲಿ ಅಂದೆ. (ಕಾಶಿಯದೇ ಲಂಕಾ ಬಡಾವಣೆಯ ಹಳೇ ಪುಸ್ತಕದಂಗಡಿಯಲ್ಲಿ ನಿಂತುಕೊಂಡೇ ಓದಿ ಮೆಕ್ಯಾನಿಕ್ ಆದವನಿಗೆ ಧೈರ್ಯ ಜಾಸ್ತಿ.)

"ಪೇಂಟ್ ಮತ್ತ ಕೆಟ್ಟಿತೋ, ಹಗ್ಗ ಕಟ್ಟೂದ ನೋಡು," ಅಂದರು ಅಯ್ಯನವರು.

ಕೂತೆ. ಡ್ರೈವರ್ ರಾಮಧನಿ ಚಾಕು ಹಿಡಿದು ಬಂದ, ಸಂದಿಯಲ್ಲಿ ಉಳಿದ ಗಾರೆ ಕೆರೆದು ಬಿಸಾಕಿ ಬಾಬೂ ಅಂತ. ಬೇಡ ಮಾರಾಯ ಅಂದೆ. ಕಬ್ಬಿಣ ಪೇಂಟನ್ನು ಮುಟ್ಟಲೇಬಾರದು. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಬಿಲ್ಲೆಯ ಮೇಲೆ ಹೊದಿಸಿ ಗಾರೆ ನೆನೆಯಲು ಬಿಟ್ಟೆ. ಕುಂಕುಮದ ಜಿಡ್ಡಿಗೆ ಕೊಬ್ಬರಿ ಎಣ್ಣೆ. ಆಮೇಲೆ ಸಂದಿಗೆ? ಹಲ್ಲುಜ್ಜುವ ಬ್ರಷ್ ಒರಟು. ಘಾಟಿನಲ್ಲಿ ಮಾರುವ ಬೇವಿನ ಕಡ್ಡಿ ತಂದು, ತುದಿ ಹತ್ತಿಯಂತೆ ಮೆತ್ತಗಾಗುವವರೆಗೆ ಅಗಿದೆ. ಅದರಿಂದ ಒಂದೊಂದೇ ಸಂದಿ ಬಿಡಿಸಿದೆ. ಕಡ್ಡಿ ಸವೆದರೆ ಇನ್ನೊಂದು ಕಡ್ಡಿ ಅಗಿಯಬೇಕು. ಸಂಜೆಯ ಹೊತ್ತಿಗೆ ಸೊಂಟ ನನ್ನದಲ್ಲ, ಬಾಯಿಯಂತೂ ಯಾರದೋ.

ಕೊನೆಗೆ ಬಿಲ್ಲೆಗೂ ಸುತ್ತಲಿನ ಪೇಂಟಿಗೂ ಮೇಣದ ಪಾಲಿಶ್ ಹಚ್ಚಿ ಉಜ್ಜಿದೆ. ಇನ್ನು ಏನೂ ಅಂಟುವುದಿಲ್ಲ ಎಂದು ಬೀಗಿದೆ. ಎಷ್ಟು ನಿಜ!

ಮರುದಿನ ಬೆಳಿಗ್ಗೆ ಅಜ್ಜಿ ಮೂರು ಬೆರಳು ಎಳೆದರು. ವಿಭೂತಿ ಹನಿಹನಿಯಾಗಿ ಒಡೆದು ಜಾರಿ ನೆಲಕ್ಕೆ ಬಿತ್ತು. ಮತ್ತೆ ಎಳೆದರು. ಮತ್ತೆ ಜಾರಿತು. ನಾನು ಓಡಿ ಬರುವಷ್ಟರಲ್ಲಿ ಕೈ ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

"ನಿಂದರವಲ್ದು ತಮ್ಮಾ. ನನ್ನ ಕೈಯಾಂದು ಆ ವಿಶ್ವನಾಥಗ ಬ್ಯಾಡಾಗೈತಿ."

ಅದು ಮೇಣ ಅಜ್ಜಿ, ಮೇಣದ ಮೇಲೆ ನೀರು ನಿಲ್ಲುವುದಿಲ್ಲ, ಮಾಡಿದ್ದು ನಾನು ಅಂತ ಎಲ್ಲ ಬಿಡಿಸಿ ಹೇಳಿದೆ. ಡಬ್ಬಿ ತಂದು ತೋರಿಸಿದೆ. ಸಮಾಧಾನವಾಗಿ ಕೇಳಿಸಿಕೊಂಡರು.

"ಅದನ್ನ ಹಚ್ಚೂ ಬುದ್ಧಿ ನಿನಗ ಯಾರು ಕೊಟ್ರು?"

ನಾನು ಡಬ್ಬಿಯ ಮುಚ್ಚಳ ಮುಚ್ಚಿದೆ.

"ಗುಡಿಗಿ ಹೋಗಾಕ ಆಗವಲ್ದು. ಇಲ್ಲೂ ಬ್ಯಾಡಂದ್ರ ನಾ ಎಲ್ಲಿಗಿ ಹೋಗ್ಲಿ?" ಅಂದು ಒಳಗೆ ಹೋದರು. ಮಧ್ಯಾಹ್ನ ಎಲೆಯ ಮುಂದೆ ಕೂತವರು ಅನ್ನ ಮುಟ್ಟದೆ ಎದ್ದರು. ಅಯ್ಯನವರು ನನ್ನನ್ನೇ ನೋಡಿದರು. ಮೊದಲ ಸಲ ಹಗ್ಗದ ಮಾತು ಬರಲಿಲ್ಲ.

ಮತ್ತೆ ಕೂತೆ. ಅಜ್ಜಿಯೇ ಹೊಸೆದಿಟ್ಟಿದ್ದ ಹೂಬತ್ತಿಯೊಂದನ್ನು ಕಡ್ಡಿಯ ತುದಿಗೆ ಸುತ್ತಿ, ಪೆಟ್ರೋಲಿಗೆ ತುಸುವೇ ತಾಗಿಸಿ, ಬಿಲ್ಲೆಯ ಲೋಹದ ಮೇಲಿನ ಮೇಣ ಮಾತ್ರ ತೆಗೆದೆ. ಪೇಂಟಿಗೆ ಒಂದು ಹನಿ ತಾಗಿದರೂ ಮುಗಿಯಿತು. ಸುತ್ತಲಿನ ಪೇಂಟಿನ ಮೇಲೆ ಮೇಣ ಹಾಗೇ ಇರಲಿ, ಅಜ್ಜಿಗೆ ಬೇಕಾದದ್ದು ಬಿಲ್ಲೆ ತಾನೆ?

ಕರೆದೆ. ಗೊಣಗುತ್ತಲೇ ಬಂದರು. ಎಳೆದರು. ನಿಂತಿತು. ಅದು ಒಣಗಿ ಬೆಳ್ಳಗಾಗುವವರೆಗೂ ಅಜ್ಜಿ ಅಲ್ಲಾಡಲಿಲ್ಲ, ನಾನೂ ಅಲ್ಲಾಡಲಿಲ್ಲ.

"ಸಿಟ್ಟು ಇಳೀತು ಅವಂದು," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಡಿ, ಉಣ್ಣೂಣು. ನೀನೂ ಉಂಡಿಲ್ಲ."

ಈಗ ಒಪ್ಪಂದವಾಗಿದೆ. ಅಜ್ಜಿ ದಿನಾ ಹಚ್ಚುತ್ತಾರೆ. ಗಾರೆಯಾಗುವ ಮೊದಲು, ಶನಿವಾರ ಶನಿವಾರ, ಅವರು ಮಲಗಿರುವಾಗ (ಎದುರಿಗೆ ಒರೆಸಿದರೆ ಬೈಗುಳ) ನಾನು ಬಿಡಿಸುತ್ತೇನೆ. ಅಯ್ಯನವರು ಬಂದು ಬಗ್ಗಿ ಪೇಂಟ್ ನೋಡಿ ಹೋಗುತ್ತಾರೆ. ಒಂದೊಂದು ವಾರ ಸಾಕಪ್ಪಾ ಅನಿಸುತ್ತದೆ, ಬಿಡುವ ಹಾಗಿಲ್ಲ.

ನಿಮ್ಮ ಮನೆಯಲ್ಲೂ ನಿಂತು ನಿಂತು ದೇವರಾಗಿಬಿಟ್ಟ ಗಾಡಿ ಇದೆಯೇ? ಅದನ್ನು ಯಾರು, ಹೇಗೆ ಒರೆಸುತ್ತೀರಿ, ಒಂದು ಕಾರ್ಡು ಬರೆದು ತಿಳಿಸಿ; ಬೇವು ಅಗಿಯದ ದಾರಿ ಯಾವುದಾದರೂ ಇದ್ದರೆ ಅದನ್ನೇ ಮೊದಲು ಬರೆಯಿರಿ.