ಅಡ್ಡ ಹೊಲಿಗೆ

ನಮ್ಮತ್ತೆ ಒಂದು ಸಲವೂ ವಿಮಾನ ಹತ್ತಿದವರಲ್ಲ. ಆದರೂ ವಿಮಾನದಲ್ಲಿ ಕೂತವರ ಸೊಂಟವನ್ನು ಇಪ್ಪತ್ತೆರಡು ವರ್ಷದಿಂದ ಹಿಡಿದಿಟ್ಟವಳು ತಾನೇ ಎಂದು ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ಹೇಳುತ್ತಿದ್ದರು. ಅದರಲ್ಲಿ ಸುಳ್ಳೇನಿರಲಿಲ್ಲ. ಪ್ರಯಾಣಿಕರ ವಿಮಾನಗಳ ಸೀಟು ಬೆಲ್ಟುಗಳು ಸವೆದರೆ ನಮ್ಮ ಕಾರ್ಖಾನೆಗೆ ಬರುತ್ತಿದ್ದವು. ಹಳೆಯ ಪಟ್ಟಿ ಕಿತ್ತು, ಹೊಸ ಪಟ್ಟಿಯ ತುದಿಯನ್ನು ಬಕಲ್ಲಿನ ಕಂಬಿಗೆ ಸುತ್ತಿ, ಮಡಚಿ ಹೊಲಿದು, ಬೆಲ್ಟಿನ ಚೀಟಿಯ ಮೇಲೆ ಹೊಲಿದವರ ನಂಬರಿನ ಮುದ್ರೆ ಒತ್ತಿ ಕಳಿಸುವುದು ನಮ್ಮ ಕೆಲಸ. ಅತ್ತೆಯ ನಂಬರು ಮೂವತ್ತೊಂದು. ಆ ಪುಟ್ಟ ಹಿತ್ತಾಳೆಯ ಮುದ್ರೆಗೆ ದಾರ ಪೋಣಿಸಿ ಕೆಲಸದ ಹೊತ್ತಿನಲ್ಲೆಲ್ಲ ಕುತ್ತಿಗೆಗೆ ಹಾಕಿಕೊಂಡಿರುತ್ತಿದ್ದರು. ಅದನ್ನು ಮನೆಗೆ ಒಯ್ಯುವಂತಿರಲಿಲ್ಲ. ಸಂಜೆ ಬಿಚ್ಚಿ ಪೆಟ್ಟಿಗೆಯಲ್ಲಿಡುವಾಗ ಅವರ ಮುಖ ಸಣ್ಣದಾಗುತ್ತಿತ್ತು.

ನಮ್ಮ ಉದ್ದನೆಯ ಹೊಲಿಗೆ ಕೋಣೆಯಲ್ಲಿ ಹದಿನಾಲ್ಕು ಮಶಿನ್ನು, ಹದಿನಾಲ್ಕು ಹೆಂಗಸರು. ಎಲ್ಲರಿಗೂ ಅವರು ದೊಡ್ಡಮ್ಮ, ನನಗೊಬ್ಬಳಿಗೆ ಅತ್ತೆ. ಮದುವೆಯಾದ ಎರಡನೇ ತಿಂಗಳಿಗೆ ಅವರೇ ನನ್ನನ್ನು ಕೆಲಸಕ್ಕೆ ಸೇರಿಸಿದರು. ಮನೆಯಲ್ಲಿ ಬೈದದ್ದು ಸಾಲದೆಂದು ಕಾರ್ಖಾನೆಗೂ ಕರೆದುಕೊಂಡು ಹೋದರು ಎಂದು ಆಗೆಲ್ಲ ನಗುತ್ತ ಹೇಳುತ್ತಿದ್ದೆ. ವರ್ಷ ತುಂಬುವುದರೊಳಗೆ ನಗು ನಿಂತಿತು. ನಾನು ಹೊಲಿದದ್ದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ಕೋಣೆಗೆಲ್ಲ ಕೇಳುವಂತೆ ಹೇಳುತ್ತಿದ್ದರು.

"ಏನೇ, ಇದು ಹೊಲಿಗೇನಾ? ಕಾಗೆ ಓಡಾಡಿದ ಹಾಗಿದೆ. ಬಿಚ್ಚು."

ಬಿಚ್ಚುತ್ತಿದ್ದೆ. ಮತ್ತೆ ಹೊಲಿಯುತ್ತಿದ್ದೆ. ಮತ್ತೆ ಬಿಚ್ಚಿಸುತ್ತಿದ್ದರು. ಒಂದು ದಿನ ಹನ್ನೊಂದು ಸಲ. ಪಕ್ಕದ ಮಶಿನ್ನಿನವಳು ಕನಿಕರಪಟ್ಟು, "ಹೋಗ್ಲಿ ಬಿಡಿ ದೊಡ್ಡಮ್ಮ, ಸೊಸೆ ಅಲ್ವಾ?" ಅಂದಳು.

"ನನ್ನ ಮಗ ನೋಡ್ದೆ ತಂದಿದ್ದು ಕಣೇ. ವಾಪಸ್ ಕೊಡೋಣ ಅಂದ್ರೆ ಅಂಗಡಿಯವ್ರು ಒಪ್ತಿಲ್ಲ," ಅಂದರು ಅತ್ತೆ.

ಹನ್ನೆರಡು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ. ನಾಲ್ಕು ವರ್ಷ ಹೀಗೇ ನಡೆಸಿ ಕೊನೆಗೆ ಸೂಪರ್‌ವೈಸರ್ ಹತ್ತಿರ ಹೋಗಿ, "ಹೊಲಿಯೋಕೆ ಬರ್ದೇ ಇದ್ದೋರು ಹರೀಲಿ. ಇವಳನ್ನ ಆ ಮಶಿನ್ನಿಗೆ ಹಾಕಿ," ಅಂದರು. ಹಾಗೆ ನಾನು ಬೆಲ್ಟು ಎಳೆದು ಹರಿಯುವ ಮಶಿನ್ನಿಗೆ ಹೋದೆ. ಅಲ್ಲಿ ಐದು ವರ್ಷವಾಗಿತ್ತು. ನಾನು ಅವರನ್ನು ದ್ವೇಷಿಸುತ್ತಿದ್ದೆ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ನನ್ನ ಮಶಿನ್ನಿನ ಕೆಲಸ ಸುಲಭ. ನೂರು ಬೆಲ್ಟಿಗೆ ಒಂದರಂತೆ ಪ್ರತಿಯೊಬ್ಬರೂ ಪರೀಕ್ಷೆಗೆಂದೇ ಒಂದು ತುಂಡು ಹೊಲಿದು ಕೊಡಬೇಕು. ಅದರ ಎರಡು ತುದಿಯನ್ನು ಕಬ್ಬಿಣದ ಹಲ್ಲುಗಳಿಗೆ ಕಚ್ಚಿಸಿ, ಗಾಜಿನ ಬಾಗಿಲು ಹಾಕಿ ಗುಂಡಿ ಒತ್ತಿದರೆ ಮಶಿನ್ನು ಹರಿಯುವ ತನಕ ಎಳೆಯುತ್ತದೆ. ಸಾವಿರದ ಮುನ್ನೂರು ಕಿಲೋ ತಡೆದರೆ ಪಾಸು. ದಿನ, ಹೊತ್ತು, ತೂಕ ಎಲ್ಲ ಒಂದು ಚೀಟಿಯಲ್ಲಿ ಅಚ್ಚಾಗಿ ಹೊರಗೆ ಬರುತ್ತದೆ. ಅತ್ತೆಯ ತುಂಡು ಸಾವಿರದ ಐನೂರಕ್ಕೆ ಕಡಿಮೆ ಇಳಿದದ್ದು ನನಗೆ ನೆನಪಿಲ್ಲ. ಆ ಕೈಗೆ ಸಾಟಿ ಇರಲಿಲ್ಲ, ನನ್ನ ಹೊಟ್ಟೆಕಿಚ್ಚಿಗೂ ಅದು ಗೊತ್ತಿತ್ತು.

ಈಗ ಅಡ್ಡ ಹೊಲಿಗೆಯ ವಿಷಯ. ಕಾರ್ಖಾನೆಯ ನಕ್ಷೆಯಲ್ಲಿದ್ದದ್ದು ಪಟ್ಟಿಯ ಉದ್ದಕ್ಕೆ ಅಂಕುಡೊಂಕಾಗಿ ಹೋಗಿ ಬರುವ ಹೊಲಿಗೆ, ಅಷ್ಟೇ. ಅತ್ತೆ ಅದನ್ನು ಮುಗಿಸಿ, ಪಟ್ಟಿಯ ಈ ಅಂಚಿನಿಂದ ಆ ಅಂಚಿಗೆ ದಪ್ಪ ಸೂಜಿಯಲ್ಲಿ ಅಡ್ಡಡ್ಡ ಇನ್ನೊಂದು ಸಾಲು ಹಾಕುತ್ತಿದ್ದರು. ಇಲ್ಲಿಗೆ ಬರುವ ಮೊದಲು ಅವರು ಶಾಲೆಯ ಬ್ಯಾಗು ಹೊಲಿಯುವ ಅಂಗಡಿಯಲ್ಲಿದ್ದವರು. ಬ್ಯಾಗಿನ ಹಿಡಿ ಕಿತ್ತು ಬರದಂತೆ ಅಲ್ಲಿ ಹಾಗೆ ಒಂದು ಅಡ್ಡ ಸಾಲು ಹಾಕುತ್ತಾರಂತೆ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಊಟದ ಹೊತ್ತಿನಲ್ಲಿ ಅರ್ಧ ಕಳೆದುಕೊಂಡು, ಆರಿದ ಊಟ ಉಂಡು, ಇಪ್ಪತ್ತೆರಡು ವರ್ಷ ಹಾಕಿದರು. ಸೂಪರ್‌ವೈಸರ್ ನೋಡಿದ್ದ. ಹೆಬ್ಬೆರಳಿನಿಂದ ಆ ಸಾಲನ್ನು ಸವರಿ, "ದೊಡ್ಡಮ್ಮನ ಬೆಲ್ಟು ಅಂದ್ರೆ ಬೆಲ್ಟು," ಅಂದಿದ್ದ. ನನ್ನ ಕಿವಿಯಾರೆ ಕೇಳಿದ್ದೇನೆ.

ಪರೀಕ್ಷೆಯ ತುಂಡಿಗೆ ಮಾತ್ರ ಅತ್ತೆ ಅಡ್ಡ ಸಾಲು ಹಾಕುತ್ತಿರಲಿಲ್ಲ. ಒಮ್ಮೆ ಯಾಕೆಂದು ಕೇಳಿದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಹರಿದು ಬಿಸಾಕೋದಕ್ಕೆ ನಾನ್ಯಾಕೆ ಕಣ್ಣು ಕಳ್ಕೊಳ್ಲಿ? ಅದು ಜನ ಕೂರೋ ಬೆಲ್ಟಿಗೆ."

ಹಾಗಾಗಿ ನಾನು ಎಳೆದದ್ದೆಲ್ಲ ಅಡ್ಡ ಸಾಲಿಲ್ಲದ ತುಂಡುಗಳು, ವಿಮಾನಕ್ಕೆ ಹೋದದ್ದೆಲ್ಲ ಅಡ್ಡ ಸಾಲಿದ್ದ ಬೆಲ್ಟುಗಳು. ಐದು ವರ್ಷ ಇದು ನನ್ನ ಕಣ್ಣೆದುರಿಗೇ ನಡೆಯಿತು. ನನ್ನ ತಲೆಗೂ ಹೊಳೆಯಲಿಲ್ಲ.

ಹೊಳೆಯಿಸಿದ್ದು ಒಬ್ಬ ಗಣಿತದ ಟೀಚರು. ಆಕೆ ಕೂತಿದ್ದ ವಿಮಾನ ಮೋಡದಲ್ಲಿ ಇದ್ದಕ್ಕಿದ್ದ ಹಾಗೆ ಕೆಳಕ್ಕೆ ಕುಸಿದಾಗ ಬೆಲ್ಟು ಕಟ್ಟದೆ ಕೂತಿದ್ದ ಮೂವರಿಗೆ ತರಚು ಗಾಯವಾಯಿತು. ಹೇಳಿದ ಹಾಗೆ ಕೇಳಿ, ಬಿಗಿಯಾಗಿ ಬೆಲ್ಟು ಕಟ್ಟಿಕೊಂಡು ನಿದ್ದೆ ಮಾಡುತ್ತಿದ್ದ ಈಕೆಯ ಬೆಲ್ಟು ಹರಿದು, ತಲೆ ಹೋಗಿ ಮೇಲಿನ ಸಾಮಾನಿನ ಗೂಡಿಗೆ ಬಡಿಯಿತು. ಜೀವ ಉಳಿಯಿತು. ಕತ್ತಿನಿಂದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ನಾಲ್ಕನೇ ದಿನ ವಿಮಾನ ಇಲಾಖೆಯ ಅಧಿಕಾರಿ ಹರಿದ ಬೆಲ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನಮ್ಮ ಕೋಣೆಗೆ ಬಂದ. ಚೀಟಿಯ ಮೇಲೆ ಮೂವತ್ತೊಂದು ಇತ್ತು.

ಅತ್ತೆ ಚೀಲದ ಮೇಲಿಂದಲೇ ಬೆರಳಾಡಿಸಿ ನೋಡಿದರು. "ಹೊಲಿಗೆ ನಂದೇ. ಆದ್ರೆ ಇದು ಹೊಲಿಗೆ ಬಿಟ್ಟಿಲ್ಲ ನೋಡಿ, ಒಂದು ದಾರ ಎದ್ದಿಲ್ಲ. ಪಟ್ಟಿ ಹರಿದಿದೆ. ಪಟ್ಟಿ ಮಾಡಿದವ್ರನ್ನ ಕೇಳಿ."

"ಪಟ್ಟಿ ನಿಮ್ಮ ಅಡ್ಡ ಸಾಲಿನ ಮೇಲೇ ಹರಿದಿದೆ, ಅಮ್ಮ," ಅಂದ ಅಧಿಕಾರಿ. ಮೆತ್ತನೆಯ ಮಾತಿನ ಮನುಷ್ಯ. "ಆ ಸಾಲು ನಕ್ಷೇಲಿ ಇಲ್ಲ."

"ನಕ್ಷೆ ಬರೆದೋರು ಯಾವತ್ತಾದ್ರೂ ಹೊಲಿದಿದ್ದಾರಾ? ಆ ಸಾಲು ಇದ್ರೆ ಬೆಲ್ಟು ಜಾಸ್ತಿ ಗಟ್ಟಿ. ಉಗ್ರಾಣದಲ್ಲಿ ನಾನು ಹೊಲಿದಿಟ್ಟಿರೋದು ಎಷ್ಟೋ ಇದೆ. ಎಲ್ಲರ ಮುಂದೆ ಎಳೆದು ನೋಡಿ. ಹರಿದ್ರೆ ನನ್ನ ಮುದ್ರೆ ಕಿತ್ಕೊಳ್ಳಿ."

ಮರುದಿನ ಹತ್ತೂಕಾಲಿಗೆ ಎಳೆಯುವುದೆಂದು ನಿಗದಿಯಾಯಿತು. ಆ ಸಂಜೆ ಮನೆಯಲ್ಲಿ ಅತ್ತೆ ಎಂದಿನಂತೆ ನನ್ನ ಅಡಿಗೆಗೆ ಮೂಗು ಮುರಿದರು, ಮಗನ ಹತ್ತಿರ ಅಧಿಕಾರಿಯ ನಡಿಗೆಯನ್ನು ಅಣಕಿಸಿ ತೋರಿಸಿದರು. ನನ್ನ ಗಂಡ ಬಿದ್ದು ಬಿದ್ದು ನಕ್ಕ. ಆದರೆ ಅಡಿಗೆಮನೆಯಲ್ಲಿ ಲೋಟ ತೊಳೆಯುತ್ತ ನಿಂತವರು ನಲ್ಲಿ ನಿಲ್ಲಿಸುವುದನ್ನು ಮರೆತಿದ್ದರು. "ಏನೇ, ಆ ಟೀಚರಿಗೆ ಮಕ್ಕಳಿದ್ದಾರಂತಾ?" ಎಂದು ಕೇಳಿದರು. ಗೊತ್ತಿಲ್ಲ ಅಂದೆ.

ಬೆಳಗ್ಗೆ ನಾನು ಮೊದಲನೇ ಬಸ್ಸಿಗೆ ಹೋದೆ. ಮಶಿನ್ನನ್ನು ಸಿದ್ಧ ಮಾಡಬೇಕೆಂಬ ನೆಪವಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಉಗ್ರಾಣದಿಂದ ಮೂವತ್ತೊಂದರ ಒಂದು ಬೆಲ್ಟು ತಂದು, ಹಲ್ಲಿಗೆ ಕಚ್ಚಿಸಿ ಗುಂಡಿ ಒತ್ತಿದೆ. ಆರುನೂರ ನಲವತ್ತಕ್ಕೆ ಹರಿಯಿತು. ಸಲೀಸಾಗಿ, ಅಡ್ಡ ಸಾಲಿನ ಗುಂಟ, ಬಸ್ಸಿನ ಟಿಕೆಟ್ಟನ್ನು ತೂತುಗಳ ಗೆರೆಯಲ್ಲಿ ಹರಿದ ಹಾಗೆ. ಆಗ ಅರ್ಥವಾಯಿತು. ಬ್ಯಾಗಿನಲ್ಲಿ ಭಾರ ಹೊರುವುದು ದಾರ, ಬೆಲ್ಟಿನಲ್ಲಿ ಹೊರುವುದು ಪಟ್ಟಿಯ ಎಳೆಗಳು. ಆ ದಪ್ಪ ಸೂಜಿ ಅರ್ಧಕ್ಕರ್ಧ ಎಳೆಗಳನ್ನು ಕಡಿದು ಹಾಕುತ್ತಿತ್ತು.

ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ, ತುಂಡುಗಳನ್ನು ಕಸದ ಡಬ್ಬಿಯ ತಳಕ್ಕೆ ತುರುಕಿದೆ. ಇನ್ನೂ ಎರಡೂವರೆ ಗಂಟೆ ಇತ್ತು. ಅತ್ತೆಯನ್ನು ಗೇಟಿನಲ್ಲೇ ತಡೆದು ಹೇಳಬಹುದಿತ್ತು. ಅವರು ಅಧಿಕಾರಿಯ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ತಪ್ಪಾಯಿತು ಎನ್ನಬಹುದಿತ್ತು. ನೋಡಿಯೂ ಬೆನ್ನು ತಟ್ಟಿದ ಸೂಪರ್‌ವೈಸರ್ ಹೆಸರನ್ನೂ ಹೇಳಬಹುದಿತ್ತು. ಗೇಟಿನವರೆಗೆ ಹೋದೆ ಕೂಡ. ಅತ್ತೆ ಬಸ್ಸಿಳಿದು ಬರುತ್ತಿದ್ದರು, ಇಸ್ತ್ರಿ ಮಾಡಿದ ಏಪ್ರನ್ನು ಹಾಕಿಕೊಂಡು.

"ಏನೇ, ಹೆದರ್ಕೊಂಡಿದೀಯಾ? ಮುಖ ನೋಡು, ನಿಂದೇ ಬೆಲ್ಟು ಅನ್ನೋ ಹಾಗೆ. ನಿಂದಾಗಿದ್ರೆ ನಂಗೂ ಹೆದರಿಕೆ ಆಗ್ತಿತ್ತು."

"ಮಶಿನ್ ರೆಡಿ ಇದೆ, ಅತ್ತೆ," ಅಂದೆ.

ಹತ್ತೂಕಾಲಿಗೆ ಎಲ್ಲರೂ ಮಶಿನ್ನಿನ ಸುತ್ತ ನಿಂತಿದ್ದರು. ಹಿಂದೆ ನಿಂತವರನ್ನು ಅತ್ತೆಯೇ ಕೈ ಹಿಡಿದು ಮುಂದಕ್ಕೆ ಎಳೆದುಕೊಂಡರು. ಬೆಲ್ಟನ್ನು ತಾವೇ ಆರಿಸಿ, ಮುದ್ರೆ ತೋರಿಸಿ ನನ್ನ ಕೈಗೆ ಕೊಟ್ಟರು. "ಮಶಿನ್ನು ಮುರಿದ್ರೆ ನನ್ನ ಕೇಳ್ಬೇಡಿ," ಎಂದು ಅಧಿಕಾರಿಗೆ ಹೇಳಿದರು. ಹೆಂಗಸರು ನಕ್ಕರು. ನಾನು ಗುಂಡಿ ಒತ್ತಿದೆ. ನಾನು ಮಶಿನ್ನಿನ ಮುಳ್ಳನ್ನು ನೋಡಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದೆ.

ಆರುನೂರ ಹತ್ತು.

ಅತ್ತೆ ಇನ್ನೊಂದು ಬೆಲ್ಟು ಕೊಟ್ಟರು. ಆರುನೂರ ಎಪ್ಪತ್ತು. ಇನ್ನೊಂದು. ಆಮೇಲೆ ರಾಶಿಯ ಅಡಿಯಿಂದ ಹುಡುಕಿ ಇನ್ನೊಂದು. ಐದನೆಯದನ್ನು ಕೊಡುವಾಗ ಅವರ ಬಾಯಿ ತೆರೆದುಕೊಂಡಿತ್ತು, ಮುಚ್ಚಲು ಬರುತ್ತಿರಲಿಲ್ಲ. "ಸಾಕು ಅಮ್ಮ," ಎಂದು ಅಧಿಕಾರಿ ಕೈ ಅಡ್ಡ ಹಿಡಿದ. "ಇನ್ನೊಂದೇ ಒಂದು," ಅಂದರು ಅತ್ತೆ. ಆರನೆಯದೂ ಹರಿಯಿತು. ಒಂಬತ್ತು ವರ್ಷ ಆ ಹೆಂಗಸರ ಮುಂದೆ ನಾನು ನಿಂತ ಹಾಗೆ ಅವರು ನಿಂತಿದ್ದರು. ನನ್ನ ಹೊಟ್ಟೆ ತಣ್ಣಗಾಯಿತು. ಹೌದು, ಆಯಿತು.

ಮಾರನೇ ದಿನವೇ ಇಲಾಖೆಯ ಕಡ್ಡಾಯ ಆದೇಶ ಬಂತು. ಮೂವತ್ತೊಂದರ ಮುದ್ರೆಯಿರುವ ಪ್ರತಿ ಬೆಲ್ಟನ್ನೂ ಹತ್ತು ದಿನದೊಳಗೆ ತೆಗೆದು ಬೇರೆ ಹಾಕಬೇಕು, ಹಾಕದ ವಿಮಾನ ಏಳಕೂಡದು. ನಾಲ್ಕು ಸಾವಿರದ ಇನ್ನೂರು ಬೆಲ್ಟುಗಳು ಚೀಲ ಚೀಲವಾಗಿ ವಾಪಸ್ಸು ಬಂದವು. ಮತ್ತೆ ಯಾರೂ ಬಳಸದಂತೆ ಒಂದೊಂದನ್ನೂ ಎರಡು ತುಂಡು ಮಾಡಬೇಕಿತ್ತು. ಉಳಿದ ಹದಿಮೂರು ಜನ ಹೊಸ ಬೆಲ್ಟು ಹೊಲಿಯುವುದರಲ್ಲಿ ಮುಳುಗಿದ್ದರು, ಕೈ ಖಾಲಿಯಿದ್ದದ್ದು ಒಬ್ಬರಿಗೇ. ಸೂಪರ್‌ವೈಸರ್ ಅತ್ತೆಯ ಮುದ್ರೆಯನ್ನು ಸುತ್ತಿಗೆಯಿಂದ ಜಜ್ಜಿ, ಅದೇ ಮೇಜಿನ ಮೇಲೆ ದೊಡ್ಡ ಕತ್ತರಿ ಇಟ್ಟು ಹೋದ. ಅಡ್ಡ ಸಾಲನ್ನು ತಾನು ನೋಡೇ ಇಲ್ಲವೆಂದು ಬರೆದುಕೊಟ್ಟು ಅವನು ಕೈ ತೊಳೆದುಕೊಂಡಿದ್ದ. ನಾನು ಸುಮ್ಮನಿದ್ದೆ.

ಅತ್ತೆ ಒಂಬತ್ತು ದಿನ ಕತ್ತರಿಸಿದರು. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದು ಬಟ್ಟೆ ಸುತ್ತಿಕೊಂಡರು. ಕತ್ತರಿಸುವ ಮುಂಚೆ ಪ್ರತಿ ಬೆಲ್ಟಿನ ಮೇಲಿದ್ದ ಸೀಟಿನ ನಂಬರನ್ನು ಓದುತ್ತಿದ್ದರು. ಅಷ್ಟು ಜನ ಹರಿಯುವ ಬೆಲ್ಟಿನಲ್ಲಿ ಕೂತು ಏನೂ ಆಗದೆ ಇಳಿದು ಹೋಗಿದ್ದಾರೆ ಎಂಬುದು ಅವರಿಗೆ ಸಮಾಧಾನವಾಗುತ್ತಿತ್ತೋ ಹೆದರಿಕೆಯಾಗುತ್ತಿತ್ತೋ ನನಗೆ ತಿಳಿಯಲಿಲ್ಲ. ಅವರೊಂದಿಗೆ ಯಾರೂ ಮಾತಾಡುತ್ತಿರಲಿಲ್ಲ. ದೊಡ್ಡಮ್ಮ ಅನ್ನುವುದನ್ನು ಬಿಟ್ಟು "ಅವರು" ಅನ್ನತೊಡಗಿದ್ದರು.

ಹತ್ತನೇ ದಿನ ವರದಿಗೆ ಸಹಿ ಹಾಕಿಸಲು ಅಧಿಕಾರಿ ನಮ್ಮಿಬ್ಬರನ್ನೂ ಕರೆದ. ಮಶಿನ್ನಿನ ನೆನಪಿನಲ್ಲಿದ್ದ ಲೆಕ್ಕವನ್ನು ಒಂದೊಂದಾಗಿ ಓದಿದ. "ಮೊದಲನೇದು, ಬೆಳಗ್ಗೆ ಏಳು ನಲವತ್ತು, ಆರುನೂರ ನಲವತ್ತು ಕಿಲೋ. ಎರಡನೇದು, ಹತ್ತೂ ಹದಿನೈದು..."

ಜೇಬಿಗೆ ಹಾಕಿಕೊಂಡ ಚೀಟಿಯನ್ನು ನಾನು ಸುಟ್ಟಿದ್ದೆ. ಮಶಿನ್ನು ತಾನೂ ಒಂದು ಲೆಕ್ಕ ಇಟ್ಟುಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ.

"ಏಳು ನಲವತ್ತಾ?" ಅಂದರು ಅತ್ತೆ.

"ಹೌದಮ್ಮ. ನಿಮ್ಮ ಸೊಸೆ ಮುಂಚೆ ಒಂದು ನೋಡ್ಕೊಂಡಿದ್ದಾರೆ. ಒಳ್ಳೇ ಕೆಲಸಗಾರ್ತಿ."

ಅತ್ತೆ ನನ್ನ ಕಡೆ ತಿರುಗಲಿಲ್ಲ. ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಅದು ಅವರ ಕೆಲಸದ ಕೊನೆಯ ದಿನ. ಸಂಜೆ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು. ಅವರು ಕಂಬಿ ಹಿಡಿದು ನಿಂತು, "ನೀವು ಕೂತ್ಕೊಳ್ಳಿ," ಅಂದರು.

ನನ್ನ ಹಿಂದೆ ಯಾರಿಗೋ ಹೇಳಿದರೇನೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಇದಾಗಿ ಎರಡು ವರ್ಷವಾಯಿತು. ಮೊದಲು ನನ್ನ ಗಂಡ ತಮಾಷೆಯೆಂದುಕೊಂಡು ನಕ್ಕ, ಆಮೇಲೆ ನಗುವುದನ್ನು ಬಿಟ್ಟ. ಅತ್ತೆ ಜಗಳವಾಡುವುದಿಲ್ಲ, ನನ್ನ ಅಡಿಗೆಗೆ ಮೂಗು ಮುರಿಯುವುದಿಲ್ಲ. "ಬನ್ನಿ, ಊಟಕ್ಕೆ ಹೊತ್ತಾಯ್ತು," ಅನ್ನುತ್ತಾರೆ. "ನಿಮ್ಗೆ ಇನ್ನೂ ಸ್ವಲ್ಪ ಹಾಕ್ಲಾ?" ಅನ್ನುತ್ತಾರೆ. ನಾನು ಕೋಣೆಗೆ ಬಂದರೆ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಆ ಟೀಚರು ಹೋದ ತಿಂಗಳು ತೀರಿಕೊಂಡರೆಂದು ಪೇಪರಿನಲ್ಲಿ ಬಂದದ್ದನ್ನೂ ಹೀಗೇ ತಗ್ಗಿದ ದನಿಯಲ್ಲಿ, ಬಹುವಚನ ಹಚ್ಚಿ ನನಗೆ ಓದಿ ಹೇಳಿದರು.

ಆವತ್ತು ನನಗೆ ತಡೆಯಲಾಗಲಿಲ್ಲ. ತಟ್ಟೆಯನ್ನು ದೂಡಿ ಅವರ ಕಾಲಿನ ಹತ್ತಿರ ಕೂತೆ. "ಅತ್ತೆ, ಬೈಯಿರಿ ನನ್ನ. ಹೊಡೀರಿ ಬೇಕಾದ್ರೆ. ಒಂದ್ಸಲ 'ಏನೇ' ಅನ್ನಿ."

ಅವರು ಗಾಬರಿಯಾದವರಂತೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ಛೆ ಛೆ, ಏಳಿ ಮೇಲೆ. ಹಾಗೆಲ್ಲ ಬೈಯೋಕೆ ನೀವು ನಂಗೆ ಏನಾಗ್ಬೇಕು?"

ನಾನು ದೂಡಿದ ತಟ್ಟೆಯನ್ನು ಎತ್ತಿಕೊಂಡು, ತೊಳೆಯಲು ಒಳಗೆ ಹೋದರು.