ಬೇರು ಹೇಳುತ್ತಿದ್ದ ಮೇಷ್ಟ್ರು

ಸಿದ್ದೇಗೌಡ ಮೇಷ್ಟ್ರ ಎಡ ಮುಂಗೈ ಮೇಲೆ ದಿನಕ್ಕೊಂದು ಇಂಗ್ಲಿಷ್ ಪದ ಇರುತ್ತಿತ್ತು. ಬೆಳಿಗ್ಗೆ ಸ್ನಾನ ಮುಗಿಸಿದ ಮೇಲೆ, ಬೇರೆಯವರು ಹಣೆಗೆ ನಾಮ ಇಟ್ಟುಕೊಳ್ಳುವಷ್ಟೇ ನಿಯಮದಿಂದ, ನೀಲಿ ಬಾಲ್‌ಪೆನ್ನಿನಲ್ಲಿ ಬರೆದುಕೊಂಡು ಹೊರಡುತ್ತಿದ್ದರು. ಸಂಜೆಯ ಹೊತ್ತಿಗೆ ಅದು ಬೆವರಿಗೆ ಕಲಸಿಹೋಗುತ್ತಿತ್ತು. ಅಷ್ಟರೊಳಗೆ ಆ ಪದವನ್ನು ಹತ್ತು ಜನರಿಗಾದರೂ ಹೇಳಿರಬೇಕು, ಇಲ್ಲದಿದ್ದರೆ ಅವರಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಕೇಳುವವರು ಯಾರೂ ಸಿಗದಿದ್ದರೆ ಹಾಲಿನ ಡೈರಿಯ ಸಾಲಿತ್ತು. ಕ್ಯಾನು ಹಿಡಿದು ನಿಂತವರು ಎಲ್ಲಿಗೆ ಓಡಿಹೋಗುತ್ತಾರೆ!

ನಾನು ಬೂಕನಕೆರೆಯವಳು. ಹೈಸ್ಕೂಲಿನಲ್ಲಿ ಅವರೇ ನನಗೆ ಇಂಗ್ಲಿಷ್ ಮೇಷ್ಟ್ರು. ಪದವನ್ನು ಬಾಯಿಪಾಠ ಮಾಡಿಸುತ್ತಿರಲಿಲ್ಲ, ಅದರ ಬೇರು ಕಿತ್ತು ತೋರಿಸುತ್ತಿದ್ದರು. ಇಂಗ್ಲಿಷು ದೊರೆಗಳದ್ದಿರಬಹುದು, ಅದರ ಬೇರಾದ ಲ್ಯಾಟಿನ್ನು ಮಾತ್ರ ನಮ್ಮ ಹಾಗೆ ಉತ್ತು ತಿನ್ನುವವರದ್ದು ಎಂಬುದು ಅವರ ಸಿದ್ಧಾಂತ.

"ಡೆಲಿರಿಯಮ್ಮು ಅಂದ್ರೇನ್ಲಾ? ಜ್ವರ ಬಂದು ಬಡಬಡಿಸೋದು. ಲೀರಾ ಅಂದ್ರೆ ಉತ್ತ ಸಾಲು. ನೇಗ್ಲು ಸಾಲು ಬುಟ್ಟು ಪಕ್ಕಕ್ಕೋಯ್ತು ನೋಡು, ಅದು ಡೆಲಿರಿಯಮ್ಮು. ಅಂಗಂದೋನು ಸಾಹೇಬ ಅಲ್ಲ ಕಣ್ಲಾ, ಒಕ್ಕಲುಮಗ!"

ಇನ್ನೊಂದು ದಿನ ಹಿಂದಿನ ಬೆಂಚಿನ ಹುಡುಗನ ತೋಳು ಮಡಚಿಸಿ, ಉಬ್ಬಿದ ಜಾಗವನ್ನು ಬೆರಳಿನಿಂದ ಮೀಟಿ, "ಮಸಲ್ಲು ಅಂದ್ರೆ ಇಲಿಮರಿ. ಚರ್ಮದಡೀಲಿ ಓಡಾಡ್ತಾ ಇಲ್ವಾ?" ಎಂದರು. ಆಮೇಲೆ ಒಂದು ವಾರ ನಮ್ಮ ಶಾಲೆಯಲ್ಲಿ ಇಲಿ ತೋರಿಸದ ಹುಡುಗನೇ ಇರಲಿಲ್ಲ.

ಈ ವಿದ್ಯೆಯೆಲ್ಲ ಅವರಿಗೆ ಬಂದದ್ದು ಶ್ರೀರಂಗಪಟ್ಟಣದ ಗುಜರಿ ಅಂಗಡಿಯಲ್ಲಿ ಸಿಕ್ಕ ಒಂದು ರಟ್ಟಿಲ್ಲದ ನಿಘಂಟಿನಿಂದ. ಅಂಗಡಿಯ ಸಾಬರು "ತಗೊಂಡೋಗಿ ಮೇಷ್ಟ್ರೇ, ಕಾಗ್ದ ತೆಳು, ಪೊಟ್ಣಕ್ಕೂ ಬರಲ್ಲ" ಎಂದು ಸುಮ್ಮನೆ ಕೊಟ್ಟಿದ್ದರಂತೆ. ಅದರ ಮೊದಲ ಪುಟಗಳು ಗೆದ್ದಲಿಗೆ ಹೋಗಿದ್ದವು. ಹಾಗಾಗಿ ಎ ಅಕ್ಷರದ ಯಾವ ಪದ ಕೇಳಿದರೂ ಮೇಷ್ಟ್ರು ಸ್ವಲ್ಪವೂ ಸಂಕೋಚವಿಲ್ಲದೆ, "ಅದುನ್ನ ಗೆದ್ಲು ಓದ್ಕಂಡದೆ, ನಾನಲ್ಲ" ಅನ್ನುತ್ತಿದ್ದರು.

ಒಂದು ಸಲ ಸಿಂಧಘಟ್ಟದಲ್ಲಿ ಕಾಲುವೆ ನೀರಿಗಾಗಿ ಇಬ್ಬರು ದಾಯಾದಿಗಳು ಗುದ್ದಲಿ ಎತ್ತಿಕೊಂಡು ನಿಂತಿದ್ದರು. ಮದುವೆ ಊಟಕ್ಕೆ ಬಂದಿದ್ದ ಮೇಷ್ಟ್ರು ನಡುವೆ ನುಗ್ಗಿದರು. "ರೈವಲ್ಲು ಅಂದ್ರೆ ಎದುರಾಳಿ. ಅದ್ರ ಬೇರು ರೀವಸ್ಸು, ಅಂದ್ರೆ ತೊರೆ. ಒಂದೇ ತೊರೆ ನೀರು ಕಟ್ಟೋರ್ಗೆ ಅಂಗನ್ನೋರು. ಎಲ್ಡು ಸಾವ್ರ ವರ್ಸದಿಂದ್ಲೂ ಜನ ಇಂಗೇ ಒಡ್ದಾಡ್ತಾವ್ರೆ, ನೀವೇನ್ಲಾ ಒಸ್ದಾಗಿ ಕಿಸಿಯೋದು?" ಜಗಳ ನಿಂತಿತು. ಅವರ ಮಾತಿಗೆ ಬೆಲೆ ಕೊಟ್ಟು ನಿಂತಿತು ಅಂತಲ್ಲ, ಈ ಮನುಷ್ಯ ಏನು ಹೇಳುತ್ತಿದ್ದಾನೆಂದು ತಲೆ ಕೆರೆದುಕೊಳ್ಳುವಷ್ಟರಲ್ಲಿ ಇಬ್ಬರ ಸಿಟ್ಟೂ ಇಳಿದಿತ್ತು. ಅದೇ ಮದುವೆಗೆ ಹೋಗಿದ್ದ ನಾನು ಪಕ್ಕದವರಿಗೆಲ್ಲ "ನಮ್ ಮೇಷ್ಟ್ರು, ನಮ್ ಮೇಷ್ಟ್ರು" ಎಂದು ಹೇಳಿಕೊಂಡು ಓಡಾಡಿದೆ.

ರಿಟೈರಾದ ಮೇಲೆ ಅವರು ಪಾಂಡವಪುರದ ಒಂದು ಖಾಸಗಿ ಶಾಲೆಗೆ ಹೆಡ್‌ಮಾಸ್ಟರಾಗಿ ಸೇರಿದರು. ಬಿ.ಎಡ್. ಮುಗಿಸಿ ಕೂತಿದ್ದ ನನ್ನನ್ನು ಕರೆದುಕೊಂಡು ಹೋಗಿ ಅಲ್ಲಿ ಕೆಲಸ ಕೊಡಿಸಿದವರೂ ಅವರೇ. "ಇವ್ಳು ನನ್ ಮಗ್ಳಿದ್ದಂಗೆ" ಎಂದು ಸೆಕ್ರೆಟರಿಗೆ ಹೇಳಿದರು. ಆರು ವರ್ಷ, ಅವರು ಕಲಿಸಿದ ಹಾಗೆಯೇ ಬೇರು ಹೇಳಿ ಕಲಿಸಿದೆ. ಮಕ್ಕಳು ನನ್ನ ಪೀರಿಯಡ್ಡಿಗೆ ಕಾಯುತ್ತಿದ್ದರು. ಊರಿನಲ್ಲಿ ಯಾರದೋ ಮಗಳು, ಯಾರದೋ ತಂಗಿ ಆಗಿದ್ದ ನಾನು ಆ ಕೆಲಸದಿಂದಲೇ ಮೇಡಂ ಆದೆ. ನನಗೆ ಅದಕ್ಕಿಂತ ದೊಡ್ಡದು ಬೇರೇನೂ ಬೇಕಿರಲಿಲ್ಲ.

ಒಂದು ಏಪ್ರಿಲ್‌ನಲ್ಲಿ ಸೆಕ್ರೆಟರಿ ನನ್ನನ್ನು ಕರೆದು, ಮುಂದಿನ ವರ್ಷದಿಂದ ಬರುವುದು ಬೇಡ ಅಂದರು. ಯಾಕೆಂದು ಕೇಳಿದ್ದಕ್ಕೆ ಮುಜುಗರದಿಂದ ಒಂದು ಪತ್ರವನ್ನು ಮುಂದೆ ತಳ್ಳಿದರು. ಅಕ್ಷರ ನೋಡಿದ ಕೂಡಲೇ ಮೇಷ್ಟ್ರದು ಎಂದು ತಿಳಿಯಿತು. ನನ್ನ ಹುದ್ದೆ ರಿಡಂಡೆಂಟ್ ಆಗಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದ್ದರು. ಸೆಕ್ರೆಟರಿ ಕನ್ನಡಕ ಸರಿಮಾಡಿಕೊಂಡು, "ಇದೊಂದ್ ಪದ ನಂಗೂ ಸರಿಯಾಗ್ ಗೊತ್ತಾಗ್ಲಿಲ್ಲ ಮೇಡಂ, ಏನರ್ಥ?" ಎಂದರು. ಅದರ ಬೇರು ನನಗೆ ಗೊತ್ತಿರಲಿಲ್ಲ, ಅರ್ಥ ಗೊತ್ತಿತ್ತು. ಹೆಚ್ಚಾದದ್ದು, ಬೇಕಿಲ್ಲದ್ದು ಎಂದು ನಾನೇ ಹೇಳಿಕೊಟ್ಟು ಎದ್ದು ಬಂದೆ.

ನೆಟ್ಟಗೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. "ಬಾ ಕಣವ್ವ, ಕೂತ್ಕೊ" ಅಂದರು. ನಾನು ಕೂರಲಿಲ್ಲ.

"ನಾನೇನ್ ತಪ್ ಮಾಡ್ದೆ ಮೇಷ್ಟ್ರೇ?"

"ನೀನೇನ್ ಮಾಡ್ದೆ, ಏನೂ ಇಲ್ಲ. ಸೊಸೆ ಬಿ.ಎಡ್. ಮಾಡ್ಕಂಡು ಎಲ್ಡು ವರ್ಸದಿಂದ ಮನೇಲಿ ಕುಂತವ್ಳೆ. ಮಗ ದಿನಾ ತಲೆ ತಿಂತಾನೆ. ನೀನು ಗಟ್ಟಿಗಿತ್ತಿ ಕಣವ್ವ, ಎಲ್ಲೋದ್ರೂ ಬದುಕ್ಕತೀಯ."

ಹುದ್ದೆ ಹೆಚ್ಚಾಗಿರಲಿಲ್ಲ, ನಾನು ಹೆಚ್ಚಾಗಿದ್ದೆ. ಮಗಳಿದ್ದಂಗೆ ಅಂದವರು ಸೊಸೆಗೆ ಜಾಗ ಮಾಡಲು ಮಗಳನ್ನೇ ಆಚೆ ಹಾಕಿದ್ದರು. ನಂಬಿಸಿ ಕತ್ತು ಕೊಯ್ಯುವುದು ಅನ್ನುತ್ತಾರಲ್ಲ, ಅದು ಹೀಗೆ ಹುಣಸೆಹಣ್ಣು ಬಿಡಿಸುತ್ತಾ ಮೆತ್ತಗೆ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ.

"ಅಂಗಂತಲೇ ಬರೀಬೋದಿತ್ತಲ್ಲ ಮೇಷ್ಟ್ರೇ. ರಿಡಂಡೆಂಟ್ ಅಂತ ಯಾಕ್ ಬರುದ್ರಿ?"

ಆ ಪದ ಕಿವಿಗೆ ಬಿದ್ದದ್ದೇ ತಡ, ಅವರ ಮುಖಕ್ಕೆ ಕಳೆ ಬಂತು. ಕೈಯನ್ನು ಪಂಚೆಗೆ ಒರೆಸಿಕೊಂಡು ಮುಂದಕ್ಕೆ ಸರಿದು ಕೂತರು. "ಅದು ಬೈಗುಳ ಅಲ್ಲ ಕಣವ್ವ. ಉಂಡಾ ಅಂದ್ರೆ ಅಲೆ. ಕೆರೆ ತುಂಬಿ, ಅಲೆ ಏರಿ ಮ್ಯಾಲಿಂದ ಆಚ್ಗೆ ಚೆಲ್ತದಲ್ಲ, ಅದು ರಿಡಂಡೆಂಟು. ಕೋಡಿ ಬೀಳೋದು ತುಂಬಿದ್ ಕೆರೆ ತಾನೆ? ಬತ್ತೋದ್ ಕೆರೆ ಕೋಡಿ ಬಿದ್ದದಾ?"

ಹೇಳಿ ಮುಗಿಸಿ, ತರಗತಿಯಲ್ಲಿ ನೋಡುತ್ತಿದ್ದ ಹಾಗೆಯೇ ನನ್ನ ಮುಖ ನೋಡುತ್ತಾ ಕೂತರು. ನಾನು ಬೆರಗಾಗಲಿ ಎಂದು ಕಾಯುತ್ತಿದ್ದರು.

ಶಾಲೆಯಿಂದ ಅವರ ಮನೆಯವರೆಗೂ ಬೈಗುಳ ಜೋಡಿಸಿಕೊಂಡು ಬಂದಿದ್ದೆ. ಆದರೆ "ಚೆನ್ನಾಗದೆ ಮೇಷ್ಟ್ರೇ" ಅಂದುಬಿಟ್ಟೆ. ಅವರು ತೃಪ್ತಿಯಿಂದ ನಕ್ಕು ಮತ್ತೊಂದು ಹಣ್ಣು ಕೈಗೆತ್ತಿಕೊಂಡರು.

ಈಗ ನಾಗಮಂಗಲದ ಕಡೆ ಒಂದು ಶಾಲೆಯಲ್ಲಿದ್ದೇನೆ. ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು. ನಾನು ಮಣ್ಣಿಗೆ ಹೋಗಲಿಲ್ಲ. ಅವರನ್ನು ಇವತ್ತಿಗೂ ಕ್ಷಮಿಸಿಲ್ಲ. ಅದು ಅವರಿಗೆ ಗೊತ್ತಾಗಲೇ ಇಲ್ಲ. ನಾನು ಅವರ ಜೊತೆ ಆಡಿದ ಕೊನೆಯ ಮಾತು, ಚೆನ್ನಾಗಿದೆ ಅಂತ.