‘ಗೊತ್ತಿಲ್ಲ’ ಎನ್ನಲು ಡಿಕೋಡರ್‌ಗೆ ಕಲಿಸಿದ ದಸ್ತಗೀರ ಸರ್

ಇಲ್ಲ... ಸುಳ್ಳು ಸುದ್ದಿಯಿರಬೇಕು ಅಂತ ಮೂರು ಜನರಿಗೆ ಫೋನ್ ಮಾಡಿದೆ.
ಮೂವರೂ ಅದನ್ನೇ ಹೇಳಿದರು...
ನಮ್ಮ ದಸ್ತಗೀರ ಸರ್ ಇಂದು ಬೆಳಿಗ್ಗೆ ಇಂಡಿ ಪಟ್ಟಣದ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ನಿನ್ನೆ ಸಂಜೆ ತಾನೇ ನನ್ನನ್ನು ಸಿಂದಗಿ ಬಸ್ಸು ಹತ್ತಿಸಿ, ಕಿಟಕಿಯಿಂದ ಶೇಂಗಾ ಪೊಟ್ಟಣ ಕೊಟ್ಟು ನಕ್ಕಿದ್ದರು!

ಗೊತ್ತಿಲ್ಲದವರಿಗೆ ಹೇಳುತ್ತೇನೆ...
ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದ ಮನುಷ್ಯ. ಅದೇ ಕಾಲೇಜಿನಲ್ಲಿ ನನ್ನದು ಪಕ್ಕದ ಟೇಬಲ್ಲು.

ಎರಡು ವರ್ಷದ ಹಿಂದೆ ಝಳಕಿ ಹತ್ತಿರ ಶಾಂತಾಬಾಯಿಯವರ ನಿಂಬೆ ತೋಟದಲ್ಲಿ ನಾವಿಬ್ಬರೂ ಒಂದು ಸೆನ್ಸರ್ ಹೂತಿದ್ದೆವು.
ಮಣ್ಣು ಒಣಗಿದರೆ ಅದು ರೇಡಿಯೊ ಸಿಗ್ನಲ್ ಕಳಿಸಬೇಕು, ದೂರದ ಬಾವಿಯ ಮೋಟರ್ ಶುರುವಾಗಬೇಕು.
ಆಗಲಿಲ್ಲ...
ಸಿಗ್ನಲ್ಲಿನ ಸೊನ್ನೆ, ಒಂದುಗಳು ದಾರಿಯಲ್ಲೇ ಕೆಡುತ್ತಿದ್ದವು. ಅವನ್ನು ಸರಿಪಡಿಸಿ ಓದಬೇಕಾದ, ಬಾವಿ ಬಳಿಯ ಡಬ್ಬಿಯಲ್ಲಿದ್ದ ಡಿಕೋಡರ್ ಪ್ರೋಗ್ರಾಂ ಕೈಚೆಲ್ಲಿ ಕೂತಿತ್ತು.
ಮರಗಳು ಹೂ ಬಿಟ್ಟ ಹೊತ್ತು. ನೀರು ತಪ್ಪಿದರೆ ಹೂವೆಲ್ಲ ನೆಲಕ್ಕೆ.

“ಸರ, ನಿಮ್ಮ ಡಬ್ಬಿ ಮಕ್ಕೊಂಡೈತಿ ನೋಡ್ರಿ. ಎಬ್ಬಸ್ರಿ, ಇಲ್ಲಾಂದ್ರ ಕಿತ್ತು ಒಯ್ರಿ!” ಎಂದರು ಶಾಂತಾಬಾಯಿ.

ದೊಡ್ಡ ಆಂಟೆನಾ ಹಾಕೋಣ ಎಂದೆ ನಾನು.
ಸರ್ ಒಪ್ಪಲಿಲ್ಲ.
“ಬ್ಯಾಡ್ರಿ ಮೇಡಂ. ಬರೋ ಸಿಗ್ನಲ್ ಸಾಕಾಗ್ತೈತಿ, ನಾವ ಸರಿಯಾಗಿ ಕೇಳಿಸ್ಕೊಳ್ಳಾಕತ್ತಿಲ್ಲ. ಅರ್ಧಮರ್ಧ ಕೇಳಿದ್ದನ್ನ ಸೊನ್ನಿ, ಇಲ್ಲಾ ಒಂದು ಅಂತ ಗಡಿಬಿಡಿಲೆ ಯಾಕ ತೀರ್ಮಾನ ಮಾಡಬೇಕು? ಎಷ್ಟು ಅನುಮಾನ ಐತಿ, ಅದನ್ನೂ ಹಿಡಕೊಂಡ ಓದೂಣು.”

ಹೊರಸಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂರು ದಿನ ಕೂತರು... ಡಿಕೋಡರನ್ನು ಹೊಸದಾಗಿ ಬರೆದರು.
ಮೋಟರ್ ಗುರ್ ಎಂದಿತು. ಚಪ್ಪಾಳೆಯೋ ಚಪ್ಪಾಳೆ!

ಮರುದಿನ ಮಧ್ಯಾಹ್ನ...
ಮಣ್ಣು ಹಸಿಯಿದ್ದರೂ ಮೋಟರ್ ತಾನೇ ಶುರು! ಕಾಲುವೆ ತುಂಬಿ, ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿ ತೇಲಿದವು.
ಪೂರಾ ಕೆಟ್ಟು ಬಂದ ಸಂದೇಶವನ್ನು ಡಿಕೋಡರ್ ಊಹಿಸಿ, ತಪ್ಪು ಓದಿತ್ತು.

ಸರ್, ನೆನಪಿದೆಯಾ?
ನೀವು ಪ್ಯಾಂಟು ಮಡಚಿ, ಒಂದೊಂದೇ ಮೆಣಸಿನಕಾಯಿ ಆಯ್ದು ಒರೆಸುತ್ತಾ “ತಪ್ಪು ನಂದರಿ ಅಕ್ಕಾರ” ಅಂದಿರಿ.
ಶಾಂತಾಬಾಯಿಗೆ ಸಿಟ್ಟು ಇಳಿದಿರಲಿಲ್ಲ.
“ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಾಕ ನಿಮ್ಮ ಡಬ್ಬಿಗಿ ಏನ್ ಧಾಡಿ? ಹೊಳ್ಳಿ ಕೇಳಲಿ!”
ನೀವು ಎದ್ದು ನಿಂತುಬಿಟ್ಟಿರಿ...
“ಅಕ್ಕಾರ, ಅದನ್ನ ಬರಿಯೂದ ಉಳದಿತ್ತು ನೋಡ್ರಿ!”
ಖುಷಿಗೆ ಖಾರದ ಕೈಯಲ್ಲೇ ಕಣ್ಣುಜ್ಜಿಕೊಂಡು ಕುಣಿದಾಡಿದ್ದು ಬೇರೆ... 😄

ಅಂದು ಸಂಜೆಯೇ ಹೊಸ ನಿಯಮ ಸೇರಿಸಿದಿರಿ. ಅನುಮಾನ ಮಿತಿ ಮೀರಿದರೆ ಡಿಕೋಡರ್ ಊಹಿಸುವಂತಿಲ್ಲ... ಸೆನ್ಸರನ್ನು ಮತ್ತೊಮ್ಮೆ ಕೇಳಬೇಕು.
ಆಮೇಲೆ ಮೋಟರ್ ಎಡವಲಿಲ್ಲ.
ಹೂ ನಿಂತಿತು. ಕಾಯಿ ಕಚ್ಚಿತು.

ಇದರ ಸಂಶೋಧನಾ ಪ್ರಬಂಧ ಅಚ್ಚಿಗೆ ಹೋಗುವಾಗ, ಕೊನೆಯಲ್ಲಿ ಶಾಂತಾಬಾಯಿಯವರಿಗೆ ಒಂದು ಥ್ಯಾಂಕ್ಸ್ ಹಾಕೋಣ ಅಂದೆ.
ನೀವು ಕೇಳಲೇ ಇಲ್ಲ... ಅವರ ಹೆಸರನ್ನು ಬರೆದವರ ಸಾಲಿನಲ್ಲೇ, ನಿಮ್ಮ ಪಕ್ಕದಲ್ಲೇ ಸೇರಿಸಿದಿರಿ!

ಈಗ ನಿಮ್ಮ ಮನೆ ಮುಂದೆಯೇ ನಿಂತು ಇದನ್ನು ಬರೆಯುತ್ತಿದ್ದೇನೆ.
ಶಾಂತಾಬಾಯಿ ಸುದ್ದಿ ಕೇಳಿದ ಕೂಡಲೇ ಟೆಂಪೊ ಹತ್ತಿ ಬಂದಿದ್ದಾರೆ.
ಯಾರೋ ಕೇಳಿದರು, “ನೀವು ಸರ್‌ಗೆ ಏನಾಗಬೇಕ್ರಿ?”
ಸೆರಗಿನಿಂದ ಕಣ್ಣೊರೆಸಿಕೊಂಡು, ನೆಟ್ಟಗೆ ನಿಂತು ಹೇಳಿದರು...
“ನಾವಿಬ್ಬರೂ ಕೂಡಿ ಬರದೇವ್ರಿ.”

ಹಾಯಾಗಿ ಮಲಗಿ, ಸರ್... ನಿಮ್ಮ ಜೀವ ತಂಪಾಗಿರಲಿ. 🙏